ಬಗ್ಗಿದರೆ ತಗ್ಗುವ ಎದೆನೋವು

ದರ್ಜಿಗೆ ಹೃದಯದ ಆಪರೇಷನ್ ಆಗಿ ಐದು ವಾರವಾಗಿತ್ತು. ಮೇಲಿನ ಗಾಯ ಒಣಗಿತ್ತು. ಆದರೂ ಮಲಗಿದರೆ ಎದೆಯಲ್ಲಿ ಚುಚ್ಚಿದ ಹಾಗೆ ನೋವು, ಉಸಿರು ಎಳೆದುಕೊಂಡರೆ ಇನ್ನೂ ಜೋರು. ಸಂಜೆಯಾದರೆ ಸಣ್ಣ ಜ್ವರ. ವಿಚಿತ್ರವೆಂದರೆ, ಹೊಲಿಗೆ ಮೆಷಿನ್ನಿನ ಮುಂದೆ ಬಗ್ಗಿ ಕೂತರೆ ನೋವು ಅರ್ಧಕ್ಕರ್ಧ ಇಳಿದುಹೋಗುತ್ತಿತ್ತು.

"ನೋಡಿದ್ಯಾ, ನಂಗೆ ಕೆಲಸಾನೇ ಔಷಧಿ" ಎಂದ ಅವನು.

ಹೆಂಡತಿಯೂ ನಂಬಿದಳು. ಐದು ವಾರದಿಂದ ಕಾಜಾ ಮಾಡಿ, ಗುಂಡಿ ಹಾಕಿ, ಒಬ್ಬಳೇ ಅಂಗಡಿ ತೂಗಿಸಿ ಅವಳಿಗೂ ಸಾಕಾಗಿತ್ತು. "ಮಂಚ ಕಂಡ್ರೆ ನೋವು, ಮೆಷಿನ್ ಕಂಡ್ರೆ ಮಾಯ! ಹಾಗಾದ್ರೆ ಅಂಗಡೀಲೇ ಕೂತ್ಕೊಳ್ಳಿ" ಎಂದು ನಕ್ಕಳು. ಆ ಮಾತು ಈಗ ನೆನಪಾದರೆ ಅವಳಿಗೆ ತನ್ನ ಬಾಯಿಯನ್ನೇ ಹೊಲಿದುಬಿಡಬೇಕು ಎನಿಸುತ್ತದೆ.

ಹೀಗೇ ಎಂಟು ದಿನ ಕಳೆಯಿತು. ಯೂನಿಫಾರ್ಮ್ ಸಡಿಲ ಮಾಡಿಸಲು ಪಕ್ಕದ ಬೀದಿಯ ನರ್ಸಮ್ಮ ಅಂಗಡಿಗೆ ಬಂದರು.

"ಏನಣ್ಣಾ, ಇಷ್ಟೊಂದು ಏದುಸಿರು?"

"ಏನಿಲ್ಲಮ್ಮ. ಬಗ್ಗಿದ್ರೆ ಆರಾಮ. ಎದೆ ಕುಯ್ದ ಮೇಲೆ ನೋವು ಇರೋದೇ ಅಲ್ವಾ?"

ನರ್ಸಮ್ಮ ಬಟ್ಟೆಯ ಗಂಟನ್ನು ಅಲ್ಲೇ ಬಿಟ್ಟರು. "ಗಾಯದ ನೋವೇ ಬೇರೆ ಅಣ್ಣಾ. ಹೃದಯದ ಸುತ್ತ ಒಂದು ಪೊರೆ ಇರುತ್ತೆ. ಅದು ಬಾತ್ರೆ ಹೀಗೇ ಆಗೋದು. ಬಗ್ಗಿದಾಗ ಕಮ್ಮಿ ಆಗೋದು ಆ ಕಾಯಿಲೆ ಗುರುತು, ವಾಸಿ ಆಗೋದ್ರ ಗುರುತಲ್ಲ. ಏಳಿ, ಈಗ್ಲೇ ಹೋಗೋಣ."

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಪೊರೆಯೊಳಗೆ ನೀರು ತುಂಬಿ ಹೃದಯವನ್ನು ಒತ್ತುತ್ತಿತ್ತು. ಸೂಜಿ ಹಾಕಿ ತೆಗೆಯಬೇಕಾಯಿತು. ಜೀವವೇನೋ ಉಳಿಯಿತು. "ಮೊದಲೇ ಬಂದಿದ್ರೆ ಬಹುಶಃ ಮಾತ್ರೆಯಲ್ಲೇ ಮುಗೀತಿತ್ತು" ಎಂದರು ಡಾಕ್ಟರು. ಬೈಯಲಿಲ್ಲ. ಬೈದಿದ್ದರೆ ಹೆಂಡತಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಊತ ಇಳಿಸುವ ಮಾತ್ರೆ ಮೂರು ತಿಂಗಳಿಗೆ ಬರೆದುಕೊಟ್ಟರು. ಹತ್ತೇ ದಿನಕ್ಕೆ ನೋವು ಹೋಯಿತು. "ಇನ್ಯಾಕೆ ನುಂಗೋದು?" ಎಂದು ದರ್ಜಿ ರಾಗ ಎಳೆದ.

"ಮಧ್ಯದಲ್ಲಿ ಬಿಟ್ರೆ ಮತ್ತೆ ಬಾತ್ಕೊಳ್ಳಬಹುದಂತೆ. ಒಂದ್ಸಲ ನಿಮ್ಮ ಮಾತು ನಂಬಿ ನಿಮ್ಮನ್ನೇ ಕಳ್ಕೊಳ್ತಿದ್ದೆ" ಎನ್ನುತ್ತಾ ಅವಳು ಮಾತ್ರೆಯನ್ನು ಅವನ ಅಂಗೈಗೆ ಹಾಕಿದಳು. ಅವನು ನೀರಿನ ಲೋಟಕ್ಕೆ ಕೈ ಚಾಚಿದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಿಗಾದರೂ ಹೃದಯದ ಆಪರೇಷನ್ ಆಗಿದೆಯೇ? ವಾರಗಳು ಕಳೆದ ಮೇಲೂ ಜ್ವರವೋ, ಏದುಸಿರೋ, ಮಲಗಿದರೆ ಹೆಚ್ಚುವ ಎದೆನೋವೋ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ. ನೋವಿನ ಮಾತ್ರೆ ನೀವೇ ತಂದು ನುಂಗಬೇಡಿ. ಡಾಕ್ಟರು ಕೊಟ್ಟದ್ದನ್ನು ಅವರು ಸಾಕೆನ್ನುವ ತನಕ ಬಿಡಬೇಡಿ. ಈ ಹೆಂಡತಿ ಗಂಡನ ನೋವನ್ನು ನಕ್ಕು ತಳ್ಳಿಹಾಕಿದಳು. ನೀವು ನಗಬೇಡಿ, ಕರೆದುಕೊಂಡು ಹೊರಡಿ.