ಎರಡು ಸೆಲ್ಲಿನ ದನಿ

ನಿಜಲಿಂಗಪ್ಪ ರಾಣೆಬೆನ್ನೂರು ಡಿಪೋದಲ್ಲಿ ಇಪ್ಪತ್ತೆಂಟು ವರ್ಷ ಕಂಡಕ್ಟರನಾಗಿದ್ದವನು. ಬ್ಯಾಡಗಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಅವನು "ಮೋಟೆಬೆನ್ನೂರ, ಹಾವೇರೀ" ಎಂದು ಒಮ್ಮೆ ಕೂಗಿದರೆ ಮೆಣಸಿನಕಾಯಿ ಪೇಟೆಯಲ್ಲಿ ಕೂತವರೂ ಗಂಟು ಎತ್ತಿಕೊಂಡು ಓಡಿ ಬರುತ್ತಿದ್ದರಂತೆ. ಅವನ ಹೆಂಡತಿ ಶ್ರೀದೇವಿ ಆ ಮಾತನ್ನು ಬಂದವರಿಗೆಲ್ಲ ಹೇಳುತ್ತಿದ್ದಳು. ಒಂದೂವರೆ ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಡಾಕ್ಟರರು ಅವನ ಗಂಟಲಿನ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದುಹಾಕಿದ ಮೇಲೆ ಹೇಳುವುದನ್ನು ಬಿಟ್ಟಳು.

ಆಪರೇಷನ್ ಆದಮೇಲೆ ಅವನು ಕುತ್ತಿಗೆಯ ಕೆಳಗಿನ ತೂತಿನಿಂದ ಉಸಿರಾಡುತ್ತಿದ್ದ. ಧೂಳು ಹೋಗದಂತೆ ಅದರ ಮೇಲೊಂದು ಬಿಳಿ ಅರಿವೆ. ಇಪ್ಪತ್ತು ಕಿಲೋ ಇಳಿದಿದ್ದ. ಮಾತು ಬೇಕಾದರೆ ಆಸ್ಪತ್ರೆಯವರು ಕೊಡಿಸಿದ ಯಂತ್ರ. ಸಣ್ಣ ಟಾರ್ಚಿನಂಥ ಅದನ್ನು ಗಂಟಲಿಗೆ ಒತ್ತಿ, ಗುಂಡಿ ಅದುಮಿ, ತುಟಿ ಆಡಿಸಿದರೆ ಜೇನುಹುಳ ಡಬ್ಬಿಯೊಳಗೆ ಗುಂಯ್‌ಗುಟ್ಟಿದ ಹಾಗೆ ಮಾತು ಬರುತ್ತಿತ್ತು. ಏರು ಇಲ್ಲ, ಇಳಿವು ಇಲ್ಲ. ಸಿಟ್ಟು ಬಂದರೂ ಅದೇ ದನಿ, ಪ್ರೀತಿ ಬಂದರೂ ಅದೇ ದನಿ. ಆರು ತಿಂಗಳು ಅಭ್ಯಾಸ ಮಾಡಿದ ಮೇಲೆ ಶ್ರೀದೇವಿಗೆ ಎಲ್ಲಾ ತಿಳಿಯತೊಡಗಿತು.

ಆ ಯಂತ್ರಕ್ಕೆ ಎರಡು ಪೆನ್ಸಿಲ್ ಸೆಲ್ಲು, ಚಾರ್ಜ್ ಮಾಡುವಂಥವು. ಜೊತೆಗೆ ಬಂದ ಚಾರ್ಜರು ರಾಣೆಬೆನ್ನೂರಿನ ಅವರ ಓಣಿಯ ಟ್ರಾನ್ಸ್‌ಫಾರ್ಮರ್ ಹಾರಿದ ದಿನ ಸುಟ್ಟುಹೋಯಿತು. ಅದು ಗುರುವಾರ. ಮರುದಿನ ಮುಂಜಾನೆಯೇ ಬ್ಯಾಡಗಿಯಿಂದ ನಿಜಲಿಂಗಪ್ಪನ ತಂಗಿ ಕಸ್ತೂರೆವ್ವನ ಫೋನು ಬಂತು.

"ವೈನಿ, ಅವ್ವ ಎರಡ ದಿನಾ ಆತು ಊಟ ಬಿಟ್ಟು. ಅಣ್ಣ ಎಲ್ಲಿ ಅಂತ ಒಂದs ಸಮನ ಕೇಳಾಕತ್ತಾಳ. ಏನ ಹೇಳ್ಲಿ ನಾ?"

ಅತ್ತೆ ರುದ್ರವ್ವನಿಗೆ ಎಂಬತ್ನಾಲ್ಕು. ಕಣ್ಣು ಪೂರ್ತಿ ಹೋಗಿ ನಾಲ್ಕು ವರ್ಷವಾಗಿತ್ತು. ಅವಳಿಗೆ ಆಪರೇಷನ್ ವಿಷಯವನ್ನು ಯಾರೂ ಹೇಳಿರಲಿಲ್ಲ. "ಗಂಟಲಾ ಕೆಟ್ಟೈತಿ, ಡಾಕ್ಟರ್ ಮಾತಾಡಬ್ಯಾಡ ಅಂದಾರ" ಎಂದು ನಂಬಿಸಿದ್ದರು. ಮೊದಮೊದಲು ನಿಜಲಿಂಗಪ್ಪ ಹೋಗಿ ತಾಯಿಯ ಕೈ ಹಿಡಿದು ಸುಮ್ಮನೆ ಕೂತು ಬರುತ್ತಿದ್ದ. ಅವಳು, "ಒಂದs ಒಂದ ಮಾತ ಆಡೋ ತಮ್ಮಾ, ಅವ್ವಾ ಅಂತರ ಅನ್ನೋ" ಎಂದು ಬೇಡುತ್ತಿದ್ದಳು. ಅದನ್ನು ತಡೆಯಲಾರದೆ ಹೋಗುವುದನ್ನೇ ಬಿಟ್ಟಿದ್ದ. ಎಂಟು ತಿಂಗಳಾಗಿತ್ತು.

ಫೋನಿನ ಮಾತು ಕೇಳಿ ಅವನು, ಉಳಿದಿದ್ದ ಚೂರು ಚಾರ್ಜಿನಲ್ಲಿ, ಯಂತ್ರ ಗಂಟಲಿಗೆ ಒತ್ತಿದ. "ಐತವಾರ ಹೋಗೂಣು. ನಾನs ಮಾತಾಡ್ತೇನಿ."

ಶ್ರೀದೇವಿ ಆವತ್ತೇ ಸೆರಗಿನಲ್ಲಿ ಸೆಲ್ಲು ಗಂಟು ಹಾಕಿಕೊಂಡು ಸಲಾವುದ್ದೀನನ ಎಲೆಕ್ಟ್ರಿಕ್ ಅಂಗಡಿಗೆ ಹೋದಳು. ಅವನು ಸೆಲ್ಲಿನ ಮೇಲಿನ ಅಕ್ಷರಗಳನ್ನು ಬೆಳಕಿಗೆ ಹಿಡಿದು ಓದಿದ.

"ಇವು ಚಾರ್ಜಿನವs ಅದಾವ ಬಿಡ್ರಿ ಅಕ್ಕಾರ. ಮಂದಿ ಸಾದಾ ಸೆಲ್ಲನ್ನೂ ಚಾರ್ಜಿಗೆ ಹಾಕ್ತಾರ, ಅವು ಸೋರ್ತಾವ, ಒಡೀತಾವ. ಅದಕ್ಕ ನೋಡಿದೆ." ಒಂದು ಸಣ್ಣ ಡಬ್ಬಿಯನ್ನು ಮುಂದಿಟ್ಟ. "ಇದು ಸೀದಾ ಪ್ಲಗ್ಗಿಗೆ ಚುಚ್ಚೂದು. ಕೆಂಪ ಲೈಟ್ ಹತ್ತತೈತಿ. ಆದ್ರ ಸೆಲ್ ತುಂಬೇತೋ ಇಲ್ಲೋ ಇದಕ್ಕ ಗೊತ್ತಾಗಂಗಿಲ್ಲ. ಕರೆಂಟ್ ಇರೂತನಕ ಲೈಟ್, ಅಷ್ಟ. ತಾಸ ನೀವs ಎಣಸಬೇಕು. ನಾ ಹೇಳೂದಾದ್ರ ಇನ್ನೊಂದ ಬರತೈತಿ, ನಾಕ ಮನಿದು. ಒಂದೊಂದ ಸೆಲ್ಲಿಗೂ ಒಂದೊಂದ ಲೈಟು. ತುಂಬಿದ ಕೂಡ್ಲೆ ತಾನs ಬಂದ್ ಆಗತೈತಿ. ಅದನ್ನ ತಗೋರಿ."

"ಅದನ್ನs ಕೊಡ್ರಿ ಹಂಗಾರ."

"ಖಾಲಿ ಆಗೇತ್ರಿ. ಹುಬ್ಬಳ್ಳಿಯಿಂದ ಮಂಗಳವಾರ ಬರತೈತಿ."

ಮಂಗಳವಾರ. ಅತ್ತೆ ಊಟ ಬಿಟ್ಟು ಎರಡು ದಿನ. ಶ್ರೀದೇವಿ ಗಲ್ಲೆಯ ಮುಂದೆ ನಿಂತು ಒಮ್ಮೆ ಆ ಡಬ್ಬಿಯನ್ನು, ಒಮ್ಮೆ ಸಲಾವುದ್ದೀನನ ಮುಖವನ್ನು ನೋಡಿದಳು. "ಎಷ್ಟ ತಾಸ ಇಡಬೇಕ್ರಿ ಇದರಾಗ?" ಎಂದಳು.

"ಹತ್ತು ತಾಸು ಹಿಡೀತೈತಿ. ಮುಟ್ಟಿ ನೋಡಕೋಂತ ಇರ್ರಿ. ಚೊಲೋತ್ನಾಗಿ ಬೆಚ್ಚಗಾದುವಂದ್ರ ತುಂಬ್ಯಾವಂತ ತಿಳೀರಿ, ತಗದಬಿಡ್ರಿ. ಭಾಳ ಹೊತ್ತ ಬಿಟ್ರ ಸೆಲ್ ಸಾಯ್ತಾವ."

ರಾತ್ರಿ ನಿದ್ದೆಯಲ್ಲಿ ತಾಸು ತಪ್ಪೀತೆಂದು ಶನಿವಾರ ಮುಂಜಾನೆ ಆರಕ್ಕೆ ಸೆಲ್ಲು ಹಾಕಿ, ಕೆಂಪು ದೀಪ ಹತ್ತಿದ್ದನ್ನು ನೋಡಿ, ಕ್ಯಾಲೆಂಡರಿನ ಅಂಚಿಗೆ ಆರು ಎಂದು ಬರೆದಳು. ಅವಳು ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದವಳು. ರೊಟ್ಟಿ ಮುಟ್ಟಿಸಿ ಹನ್ನೊಂದಕ್ಕೆ ಬಂದು ನೋಡಿದರೆ ದೀಪವಿಲ್ಲ. ಕರೆಂಟು ಹೋಗಿತ್ತು. ಯಾವಾಗ ಹೋಯಿತೆಂದು ಗಂಡನನ್ನು ಕೇಳಿದಳು. ಅವನು ಮಲಗಿದ್ದನಂತೆ, ಕೈಯಾಡಿಸಿದ. ಪಕ್ಕದ ಮನೆಯವಳು ಒಂಬತ್ತಕ್ಕೆ ಅಂದಳು. ಎದುರುಮನೆಯವಳು, "ಇಲ್ಲವಾ, ನಾ ಏಳೂವರೆಗೇ ಮಿಕ್ಸರ್ ಹಚ್ಚಾಕ ಹೋಗಿದ್ದೆ, ಇರಲಿಲ್ಲ" ಅಂದಳು. ಒಂದಕ್ಕೆ ಬಂದ ಕರೆಂಟು ನಡುವೆ ಮತ್ತೆರಡು ಸಲ ಹೋಗಿ ಬಂತು. ಕ್ಯಾಲೆಂಡರಿನ ಅಂಚು ಅಂಕಿಗಳಿಂದ ತುಂಬಿತು. ಕೂಡಿಸಿದರೆ ಒಮ್ಮೆ ಐದು ತಾಸು, ಒಮ್ಮೆ ಆರೂವರೆ.

ಸಂಜೆ ಐದಕ್ಕೆ ಸೆಲ್ಲು ಮುಟ್ಟಿದಳು. ಬೆಚ್ಚಗಿದ್ದವು. ಚೊಲೋತ್ನಾಗಿ ಬೆಚ್ಚಗೆ ಅಂದರೆ ಎಷ್ಟು? ಕೂಸಿಗೆ ಜ್ವರ ನೋಡುವವಳ ಹಾಗೆ ಅಂಗೈಯಲ್ಲಿ, ಆಮೇಲೆ ಕೆನ್ನೆಗೆ ಹಿಡಿದು ನೋಡಿದಳು. ಬಿಟ್ಟರೆ ಸಾಯುತ್ತವೆ ಎಂಬ ಮಾತು ಕಿವಿಯಲ್ಲಿತ್ತು. ಗೊಂದಲದ ಲೆಕ್ಕಕ್ಕಿಂತ ಕೈಯನ್ನೇ ನಂಬಿ ತೆಗೆದುಬಿಟ್ಟಳು. ಪ್ಲಗ್ಗು ಪಡುವಣ ಕಿಟಕಿಯ ಪಕ್ಕದಲ್ಲಿತ್ತು, ಮೂರರಿಂದ ಬಿಸಿಲು ಅದರ ಮೇಲೆಯೇ ಬಿದ್ದಿತ್ತು ಎಂಬುದು ಆಗ ಅವಳಿಗೆ ಹೊಳೆಯಲಿಲ್ಲ.

ಐತವಾರ ಒಂಬತ್ತರ ಬ್ಯಾಡಗಿ ಬಸ್ಸು. ಹತ್ತುತ್ತಲೇ ಕಂಡಕ್ಟರ್ ಹುಡುಗ ಗುರುತು ಹಿಡಿದ. ನಿಜಲಿಂಗಪ್ಪನ ಕೈಕೆಳಗೆ ಕೆಲಸ ಕಲಿತವನು.

"ಮಾವಾರ! ಎಷ್ಟ ದಿನಾ ಆತ್ರಿ ನಿಮ್ಮನ್ನ ನೋಡಿ! ಏನೂ ಮಾತಾಡಂಗಿಲ್ಲಂತ ಅಂದಿದ್ರಲ್ರಿ ಮಂದಿ?"

ನಿಜಲಿಂಗಪ್ಪ ಜೇಬಿನಿಂದ ಯಂತ್ರ ತೆಗೆದು ಗಂಟಲಿಗೆ ಒತ್ತಿದ. "ಯಾಂವ ಅಂದಾಂವ?" ಬಸ್ಸೆಲ್ಲ ತಿರುಗಿ ನೋಡಿತು. ಮೊದಲು ಹೆದರಿದರು, ಆಮೇಲೆ ಸೋಜಿಗಪಟ್ಟು ಹತ್ತಿರ ಸರಿದರು. ಒಬ್ಬ ಮುದುಕ ಏನೇನೋ ಕೇಳಿದ, ಇವನು ಹೇಳಿದ. ಹಳೆಯ ಕಥೆಗಳು, ಡ್ರೈವರುಗಳ ಹೆಸರು, ಮೋಟೆಬೆನ್ನೂರ ಕ್ರಾಸಿನಲ್ಲಿ ಬಸ್ಸಿನಲ್ಲೇ ಹೆರಿಗೆಯಾದದ್ದು. ಶ್ರೀದೇವಿ ಮೆಲ್ಲಗೆ ಅವನ ಮೊಣಕೈ ಮುಟ್ಟಿದಳು. "ಸಾಕ್ರೀ. ಸೆಲ್ಲ ಇರಲಿ." ಅವನು ತಿರುಗಿ ನಕ್ಕ. ಒಂದೂವರೆ ವರ್ಷದಲ್ಲಿ ಅವನ ಹಲ್ಲು ಕಂಡದ್ದು ಅದೇ ಮೊದಲು. ಅವಳ ಕೈ ತಾನಾಗಿ ಹಿಂದೆ ಬಂತು.

ಮೋಟೆಬೆನ್ನೂರು ಬಂದಾಗ ಹುಡುಗ, "ಮಾವಾರ, ನೀವs ಒಂದ ಸಲ ಕೂಗ ಹೊಡೀರಿ" ಅಂದ. ನಿಜಲಿಂಗಪ್ಪ ಎದ್ದು, ಒಂದು ಕೈಯಲ್ಲಿ ಕಂಬಿ ಹಿಡಿದು, "ಮೋಟೆಬೆನ್ನೂರ! ಇಳಿಯಾವ್ರು ಬರ್ರಿ ಮುಂದ!" ಎಂದ. ಜನ ಚಪ್ಪಾಳೆ ತಟ್ಟಿದರು. ಶ್ರೀದೇವಿ ಕಿಟಕಿಯ ಕಡೆ ಮುಖ ಮಾಡಿದಳು. ನಗು ಬರುತ್ತಿತ್ತೋ ಅಳುವೋ ಅವಳಿಗೇ ತಿಳಿಯಲಿಲ್ಲ.

ಬ್ಯಾಡಗಿಯ ಮನೆಯ ಪಡಸಾಲೆಯಲ್ಲಿ ರುದ್ರವ್ವ ಗೋಡೆಗೆ ಒರಗಿ ಕೂತಿದ್ದಳು. ನಿಜಲಿಂಗಪ್ಪ ಪೇಟೆಯ ಮೆಣಸಿನಕಾಯಿ ಘಾಟಿಗೆ ತೂತಿನ ಮೇಲೆ ಅರಿವೆ ಬಿಗಿಹಿಡಿದು ಒಳಗೆ ಬಂದ. ತಾಯಿಯ ಎದುರಿಗೆ ಮಂಡಿಯೂರಿದ. ಕಸ್ತೂರೆವ್ವ ಬಾಗಿಲಲ್ಲಿ ಸೆರಗು ಬಾಯಿಗೊತ್ತಿ ನಿಂತಳು.

"ಅವ್ವಾ."

ಮುದುಕಿ ಬೆಚ್ಚಿ ಗೋಡೆಗೆ ಅಂಟಿದಳು. "ಏನದು? ಏನ ಗುಂಯ್ ಅಂತು?"

"ನಾನವ್ವಾ. ನಿಜಲಿಂಗ."

"ಯಾರು?"

"ನಿನ್ನ ಮಗಾ. ಗಂಟಲಾ ಕೊಯ್ದಾರ. ಅದಕ್ಕ ಹಿಂಗ..."

ರುದ್ರವ್ವ ಕುತ್ತಿಗೆ ಓರೆ ಮಾಡಿದಳು. ಉಸಿರು ಬಿಗಿಹಿಡಿದು, ಆ ಗುಂಯ್‌ಗುಡುವಿಕೆಯ ಒಳಗೆ ಎಲ್ಲೋ ಕಳೆದದ್ದನ್ನು ಹುಡುಕುವವಳಂತೆ ಕೇಳಿಸಿಕೊಂಡಳು. ಅವಳ ಮುಖ ಸಡಿಲಾಯಿತು. ಕೈ ಮುಂದೆ ಬಂತು. "ಇನ್ನೊಮ್ಮೆ ಅನ್ನು. ಇನ್ನೊಮ್ಮೆ ಅವ್ವಾ ಅನ್ನು."

"ಅವ್..." ದನಿ ಕುಗ್ಗಿತು. ದಪ್ಪಗಾಗಿ, ಬಾವಿಗೆ ಇಳಿದ ಹಾಗೆ ಆಳಕ್ಕೆ ಹೋಯಿತು. ಗೊರ್ ಎಂದಿತು. ನಿಂತಿತು.

ನಿಜಲಿಂಗಪ್ಪ ಗುಂಡಿ ಅದುಮಿದ. ಯಂತ್ರವನ್ನು ಅಂಗೈಗೆ ಬಡಿದ. ಸೆಲ್ಲು ತೆಗೆದು ತಿಕ್ಕಿ ಮತ್ತೆ ಹಾಕಿದ. ತುಟಿ ಮಾತ್ರ ಅಲ್ಲಾಡುತ್ತಿತ್ತು. ಅವನ ಕಣ್ಣು ಶ್ರೀದೇವಿಯ ಮೇಲೆ ಬಂದು ನಿಂತಿತು. ಆ ನೋಟದಲ್ಲಿ ಬೈಗುಳವಿದ್ದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

"ಚಾರ್ಜಿನ ಸೆಲ್ಲನ್ನೇ ಹಾಕಬೇಕು" ಎಂದು ಆಸ್ಪತ್ರೆಯಲ್ಲಿ ಹೇಳಿದ್ದನ್ನು ಅವಳು ದೇವರ ಮಾತಿನಂತೆ ಇಟ್ಟುಕೊಂಡಿದ್ದಳು. ಆದರೂ ಆಗ ಬೇರೆ ದಾರಿ ಕಾಣದೆ ಯಂತ್ರವನ್ನು ಕಸಿದುಕೊಂಡು ಬೀದಿಗೆ ಓಡಿದಳು. ಓಣಿಯ ಅಂಗಡಿ ಮುಚ್ಚಿತ್ತು. ಮುಖ್ಯರಸ್ತೆಯವರೆಗೆ ಓಡಿ, ಮೂರನೆಯ ಅಂಗಡಿಯಲ್ಲಿ ಗಡಿಯಾರದ ಸಾದಾ ಸೆಲ್ಲು ಸಿಕ್ಕಿತು. ಅಂಗಡಿಯವನು ಹಾಕಿ ಗುಂಡಿ ಅದುಮಿದ. ಗುಂಯ್ ಎಂದಿತು.

"ಈ ಅಳತಿದು ಯಾವದಾದ್ರೂ ನಡೀತೈತ್ರಿ ಅಕ್ಕಾರ. ಚಾರ್ಜಿನವು ಅಂದ್ರ ಮತ್ತ ಮತ್ತ ಬರತಾವ, ಅಷ್ಟ ಫರಕು."

ಅಷ್ಟೇ ಫರಕು. ಒಂದು ಜೊತೆ ಸಾದಾ ಸೆಲ್ಲು ಚೀಲದಲ್ಲಿ ಇಟ್ಟುಕೊಂಡಿದ್ದರೆ ಸಾಕಿತ್ತು. ಶ್ರೀದೇವಿ ಹಣೆ ಬಡಿದುಕೊಳ್ಳಲೂ ನಿಲ್ಲದೆ ತಿರುಗಿ ಓಡಿದಳು.

ಮನೆಯ ಹೊರಗಿನಿಂದಲೇ ಅತ್ತೆಯ ಅಳು ಕೇಳಿಸಿತು. ಸತ್ತವರ ಮನೆಯಲ್ಲಿ ಹಾಡಿ ಅಳುವ ಅಳು. "ನನ್ನ ಮಗಾ ಹೋದನೋ... ನನ್ನ ಕಿವ್ಯಾಗs ಜೀವಾ ಬಿಟ್ಟನೋ..." ಕಸ್ತೂರೆವ್ವ ಅವಳ ಭುಜ ಅಲುಗಿಸುತ್ತಿದ್ದಳು. "ಯವ್ವಾ, ಇಲ್ಲೇ ಅದಾನ, ನಿನ್ನ ಮುಂದs ಕುಂತಾನ!"

"ಸುಳ್ಳ ಹೇಳಬ್ಯಾಡ! ಮಾತಾಡಬ್ಯಾಡ ಅಂದಾರಂತ ವರ್ಷಗಟ್ಟಲೆ ಸುಳ್ಳ ಹೇಳಿದ್ರಿ. ಈಗ ಎಲ್ಲಿಂದೋ ಅವನ ದನಿ ತಂದು ಕೇಳಸಾಕ ಬಂದೀರಿ. ಅದೂ ಮುಗೀತು!"

ಶ್ರೀದೇವಿ ಯಂತ್ರವನ್ನು ಗಂಡನ ಕೈಗಿತ್ತಳು. ಅವನು ಮಾತಾಡಿದ. ಅವ್ವಾ ಅಂದ, ಊರು ಹೇಳಿದ, ಅಪ್ಪನ ಹೆಸರು ಹೇಳಿದ, ಚಿಕ್ಕಂದಿನಲ್ಲಿ ಬೇವಿನ ಗಿಡದಿಂದ ಬಿದ್ದು ಕಾಲು ಮುರಿದದ್ದು ಹೇಳಿದ. ದನಿ ಗಟ್ಟಿಯಾಗಿ, ಸ್ಪಷ್ಟವಾಗಿ, ಒಂದೇ ಸಮನಾಗಿ ಬರುತ್ತಿತ್ತು. ತಾಯಿಯ ಕೈ ಹಿಡಿದು ತನ್ನ ಮುಖದ ಮೇಲಿಟ್ಟುಕೊಂಡ. ಅವಳ ಬೆರಳು ಒಳಸರಿದ ಒದ್ದೆ ಕೆನ್ನೆ ತಡವಿ, ಕೊರಳಿಗೆ ಇಳಿದು, ಅರಿವೆಯ ಕೆಳಗಿನ ತೂತಿಗೆ ತಾಗಿದ್ದೇ ಸರ್ರನೆ ಹಿಂದೆ ಹೋಯಿತು.

"ನನ್ನ ಮಗಾ ಮೈ ತುಂಬಿದಾಂವ" ಎಂದಳು ಮೆಲ್ಲಗೆ. "ನೀ ಯಾರೋ ಏನೋ. ಅಳಬ್ಯಾಡಪಾ. ನಿನ್ನ ತಪ್ಪಲ್ಲ."

ನಿಜಲಿಂಗಪ್ಪ ಯಂತ್ರವನ್ನು ತೊಡೆಯ ಮೇಲಿಟ್ಟ.

ಮಂಗಳವಾರ ಸಲಾವುದ್ದೀನ ನಾಲ್ಕು ಮನೆಯ ಚಾರ್ಜರ್ ತರಿಸಿಕೊಟ್ಟ. ಅದು ಹೇಳಿದ ಹಾಗೆಯೇ ಇತ್ತು. ತುಂಬುವವರೆಗೆ ಕೆಂಪು, ತುಂಬಿದ ಮೇಲೆ ಹಸಿರು. ಶ್ರೀದೇವಿ ಎರಡು ಜೊತೆ ಸೆಲ್ಲು ಇಟ್ಟುಕೊಂಡಳು. ಎಣಿಸುವ ಕೆಲಸ, ಮುಟ್ಟುವ ಕೆಲಸ ಯಾವುದೂ ಉಳಿಯಲಿಲ್ಲ. ನಾಲ್ಕೂ ಹಸಿರಾದಾಗ ಅವಳು ಅದರ ಮುಂದೆ ಕೂತು ಬಹಳ ಹೊತ್ತು ನೋಡಿದಳು. ಇಷ್ಟು ಸುಲಭವಾದದ್ದು ಮೂರು ದಿನ ಮೊದಲು ಬಂದಿದ್ದರೆ?

ರುದ್ರವ್ವ ಒಂಬತ್ತು ದಿನ ಮಗನ ಸೂತಕ ಹಿಡಿದಳು. ಯಾರ ಮಾತಿಗೂ ಜಗ್ಗಲಿಲ್ಲ. ಹತ್ತನೆಯ ದಿನ ಸ್ನಾನ ಮಾಡಿ, ಗಂಜಿ ಕುಡಿದು, ಸಮಾಧಾನವಾದವಳಂತೆ ಕೂತಳು. ಅಣ್ಣ ಎಲ್ಲಿ ಎಂದು ಕೇಳುವುದಾದರೂ ನಿಂತಿತಲ್ಲ ಎಂದು ಕಸ್ತೂರೆವ್ವ ಫೋನಿನಲ್ಲಿ ಅತ್ತಳು. ಡಾಕ್ಟರರನ್ನು ಕರೆಸಿದರು. ವಯಸ್ಸು, ಮನಸ್ಸು, ಇನ್ನು ಜಗ್ಗಾಡಬೇಡಿ ಎಂದು ಅವರು ಹೇಳಿ ಹೋದರು.

ಆದರೂ ನಿಜಲಿಂಗಪ್ಪ ಪ್ರತಿ ಐತವಾರ ಹೋಗತೊಡಗಿದ. ಮುದುಕಿ ಮೊದಲೆರಡು ವಾರ ಗೋಡೆಯ ಕಡೆ ತಿರುಗಿಕೊಂಡಳು. ಮೂರನೆಯ ವಾರ, "ಬಂದೇನಪಾ" ಅಂದಳು. ಈಗ ಅವನಿಗೆ ತನ್ನ ಮಗನ ಕಥೆಗಳನ್ನು ಹೇಳುತ್ತಾಳೆ. ಎಷ್ಟು ಹುಡುಗಾಟದವನಿದ್ದ, ಅವನ ದನಿ ಪೇಟೆಯವರೆಗೆ ಹೇಗೆ ಕೇಳುತ್ತಿತ್ತು ಎಂದೆಲ್ಲ. ಅವನು ಯಂತ್ರವನ್ನು ಗಂಟಲಿಗೆ ಒತ್ತಿ, "ಹೌದ?" ಎನ್ನುತ್ತಾನೆ. "ಆಮ್ಯಾಲ?" ಎನ್ನುತ್ತಾನೆ. ಒಮ್ಮೆ ತಡೆಯಲಾರದೆ, ಅವಳು ಮರೆತ ಡ್ರೈವರನ ಹೆಸರು ಹೇಳಿಬಿಟ್ಟ.

"ನಿನಗ ಹೆಂಗ ಗೊತ್ತೋ?" ಎಂದಳು ರುದ್ರವ್ವ.

ಪಕ್ಕದಲ್ಲಿ ಕಾಳು ಹಸನು ಮಾಡುತ್ತಿದ್ದ ಶ್ರೀದೇವಿಯ ಕೈ ನಿಂತಿತು. ಗಂಡ ಗುಂಡಿ ಅದುಮಿದ, ಬಿಟ್ಟ, ಮತ್ತೆ ಅದುಮಿದ.

"ನಾನೂ ಅದs ಡಿಪೋದಾಂವ" ಎಂದ.