ಕಂಪ್ಯೂಟರ್ ಆರಿಸಿದ ಸೊಪ್ಪು

ಸೋಮವಾರ ಟೊಮೆಟೊ ಎಲೆಗಳ ಮೇಲೆ ಅಲ್ಲೊಂದು ಇಲ್ಲೊಂದು ಕಂದು ಚುಕ್ಕಿ. ಶುಕ್ರವಾರದ ಹೊತ್ತಿಗೆ ಗಿಡದಿಂದ ಗಿಡಕ್ಕೆ ಹಬ್ಬಿತ್ತು. ಮಾರುಕಟ್ಟೆಯವರೆಲ್ಲ ‘ಟೊಮೆಟೊ ಅಕ್ಕ’ ಅನ್ನುವ ಆಕೆ ಗಂಡನನ್ನು ಕೂಗಿದಳು.

“ರೀ, ನಾಲ್ಕು ಎಲೆ ಕಿತ್ತು ಕೃಷಿ ಕಚೇರಿಯಲ್ಲಿ ತೋರಿಸೋಣ.”

“ಅಲ್ಲಿಗ್ಯಾಕೆ? ಇಲ್ಲೇ ಬಂದಿದೆ ನೋಡು,” ಗಂಡ ಮೊಬೈಲ್ ಹಿಡಿದ. “ಬೂಷ್ಟು ರೋಗಕ್ಕೆ ಬೇಲಿಯ ಹಾಲುಗಿಡವೇ ಮದ್ದಂತೆ. ಕಂಪ್ಯೂಟರ್ರೇ ಕಂಡುಹಿಡಿದಿದೆ!”

“ಆ ಹಾಲು ಒಳ್ಳೇದಲ್ಲ ಕಣ್ರೀ.”

“ಸೊಪ್ಪಿನ ರಸ ತಾನೇ! ಏನಾಗುತ್ತೆ?”

ಬುಟ್ಟಿ ತುಂಬ ಸೊಪ್ಪು ತಂದ, ರುಬ್ಬಿದ, ಸೋಸಿದ. ಸ್ಪ್ರೇ ಡಬ್ಬಿ ಬೆನ್ನಿಗೇರಿಸಿ ಹೊರಟೇಬಿಟ್ಟ. ಎರಡು ಸಾಲು ಮುಗಿಯುವಷ್ಟರಲ್ಲಿ ಗಾಳಿ ತಿರುಗಿತು.

“ಅಯ್ಯೋ! ಕಣ್ಣು! ಕಣ್ಣು ಕಾಣ್ತಿಲ್ಲ!”

ಆಕೆ ಬಿದ್ದಂಬೀಳ ಓಡಿದಳು. ನಲ್ಲಿ ಕೆಳಗೆ ಅವನ ಮುಖ ಹಿಡಿದು ಕಾಲು ಗಂಟೆ ನೀರು ಬಿಟ್ಟಳು, ಆಸ್ಪತ್ರೆಗೆ ಕರೆದೊಯ್ದಳು. ಮಾರನೇ ದಿನ ತೋಟಕ್ಕೆ ಬಂದು ನೋಡಿದಳು. ರಸ ಬಿದ್ದ ಎರಡು ಸಾಲೂ ಬಿಸಿನೀರು ಎರಚಿದಂತೆ ಬೆಂದು ಜೋತುಬಿದ್ದಿದ್ದವು. ಕಾಯಿಲೆ ತಗುಲದ ಗಿಡಗಳೂ!

ಸುದ್ದಿ ಕೇಳಿ ನಾದಿನಿ ಬಂದಳು. ಅವಳು ಸಸ್ಯರೋಗ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಅಣ್ಣನ ಮೊಬೈಲಿನ ಸುದ್ದಿ ಓದಿದವಳೇ ಹಣೆ ಚಚ್ಚಿಕೊಂಡಳು.

“ಅತ್ತಿಗೆ, ಇದು ನಮ್ಮದೇ ಕೆಲಸ! ಬೂಷ್ಟು ಬದುಕೋಕೆ ಬೇಕಾದ ಒಂದು ಪ್ರೋಟೀನ್ ಇದೆ. ಬೀಗ ಅಂದ್ಕೊಳ್ಳಿ. ಗಿಡಗಳಲ್ಲಿರೋ ನಾಲ್ಕು ಸಾವಿರ ವಸ್ತುಗಳಲ್ಲಿ ಯಾವುದು ಅದಕ್ಕೆ ಕೀಲಿಯಂತೆ ಕೂತು ಅದರ ಕೆಲಸ ನಿಲ್ಲಿಸಬಹುದು ಅಂತ ಕಂಪ್ಯೂಟರಿನಲ್ಲಿ ಜರಡಿ ಹಿಡಿದ್ವಿ. ಒಂಬತ್ತು ಉಳಿದ್ವು. ಅದರಲ್ಲೊಂದು ಈ ಗಿಡದಲ್ಲಿದೆ, ಅಷ್ಟೇ. ಬೂಷ್ಟಿನ ಮೇಲೆ ಇನ್ನೂ ಒಂದು ಹನಿ ಹಾಕಿ ನೋಡಿಲ್ಲ!”

“ಹಾಗಾದ್ರೆ ಕಂಪ್ಯೂಟರ್ ಸುಳ್ಳು ಹೇಳ್ತಾ?” ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಗಂಡ ಕೇಳಿದ.

“ಇಲ್ಲಣ್ಣ. ಇವನ್ನ ಮೊದಲು ಪರೀಕ್ಷೆ ಮಾಡಿ ಅಂತು. ನಮಗೆ ವರ್ಷಗಟ್ಟಲೆ ಕೆಲಸ ಉಳೀತು. ಆದ್ರೆ ಲ್ಯಾಬಲ್ಲಿ, ಗಿಡದ ಮೇಲೆ, ಹೊಲದಲ್ಲಿ ಗೆಲ್ಲಬೇಕು. ಹೊಡೆಯೋರಿಗೂ ತಿನ್ನೋರಿಗೂ ಕೆಡುಕಿಲ್ಲ ಅಂತ ಗೊತ್ತಾಗಬೇಕು. ಆಮೇಲೇ ಅದು ಔಷಧಿ. ಆ ಗಿಡದಲ್ಲಿ ಸುಡೋ ಹಾಲೂ ಇದೆಯಲ್ಲ!”

ಗಂಡ ತಟ್ಟನೆ ಎದ್ದು ಕೂತ. “ಅಯ್ಯಯ್ಯೋ! ಬೆಳೆಗಾರರ ಗುಂಪಿಗೆ ನಾನೇ ಕಳಿಸಿಬಿಟ್ಟಿದ್ದೀನಿ ಕಣೇ! ನಲವತ್ತು ಮನೆ!”

ಅತ್ತಿಗೆ ನಾದಿನಿ ಇಬ್ಬರೂ ಫೋನ್ ಹಿಡಿದು ಕೂತರು. ಮೂವತ್ತೊಂಬತ್ತು ಮನೆಯವರು ಇನ್ನೂ ಸೊಪ್ಪು ಕಿತ್ತಿರಲಿಲ್ಲ. ನಲವತ್ತನೆಯವಳು, “ಈಗಷ್ಟೇ ರುಬ್ಬೋಕೆ ಹಾಕಿದೆ ಅಕ್ಕಾ,” ಅಂದಳು.

“ನಿಲ್ಸೇ! ಮೊದಲು ಕೈ ತೊಳ್ಕೋ!”

ಸಂಜೆಯೊಳಗೆ ಅಕ್ಕ ಎಲೆ ಹಿಡಿದು ಕೃಷಿ ಕಚೇರಿಗೆ ಹೋದಳು. ಅವರು ಬರೆದುಕೊಟ್ಟ ಔಷಧಿಯನ್ನು ಅಳತೆ ಪ್ರಕಾರ ಹೊಡೆದಳು, ರೋಗದ ಎಲೆ ಕಿತ್ತು ತೆಗೆದಳು. ಉಳಿದ ಸಾಲುಗಳು ಚೇತರಿಸಿಕೊಂಡವು. ಗಂಡನಿಗೆ ಒಂದು ಕಣ್ಣು ಇನ್ನೂ ಮಂಜು ಮಂಜು.

ನಿಮ್ಮ ಮೊಬೈಲಿಗೂ ಇಂಥ ಸುದ್ದಿ ಬಂದೀತು. ಹೊಡೆಯುವ ಮುಂಚೆ ಕೇಳಿ: ಇದನ್ನು ಹೊಲದಲ್ಲಿ ಪರೀಕ್ಷಿಸಿದವರು ಯಾರು? ಉತ್ತರ ಸಿಗದಿದ್ದರೆ ಹೊಡೆಯಬೇಡಿ, ಇನ್ನೊಬ್ಬರಿಗೆ ಕಳಿಸಲೂ ಬೇಡಿ.