ಮಾಸ್ತರರು ಬರೆದ ಚೀಟಿ

ಇಂಗ್ಲಿಷ್ ಹೇಸಿ ಭಾಷೆ ಎಂದು ಶಿವಪುತ್ರ ಮಾಸ್ತರರಿಗೆ ಈಗೀಗ ಅನ್ನಿಸುತ್ತದೆ. ಪಾಪ, ಭಾಷೆಯದೇನು ತಪ್ಪು? ಹೇಸಿಗೆ ಮಾಡಿದವರು ಅವರೇ. ಮಾಡಿ, ಮರೆತು, ಸ್ವಂತ ಮಗಳ ನಿಶ್ಚಯದ ದಿನ ಹತ್ತು ಮಂದಿಯ ಎದುರು ಅದನ್ನು ತುಳಿದವರೂ ಅವರೇ.

ಇಳಕಲ್ಲಿನ ನೇಕಾರರ ಓಣಿಯಲ್ಲಿ ಅವರ ಮನೆ. ಮುಂದಿನ ಕೋಣೆಯಲ್ಲಿ ಬ್ಯಾಂಕು, ಪೊಲೀಸು ಎಂದು ಪರೀಕ್ಷೆ ಕಟ್ಟುವವರಿಗೆ ಇಂಗ್ಲಿಷ್ ಪಾಠ, ಹಿಂದಿನ ಕೋಣೆಯಲ್ಲಿ ತಾಯಿ ಕಾಳವ್ವನ ಮಗ್ಗ. ಓಣಿಯಲ್ಲಿ ಯಾರಿಗೆ ಇಂಗ್ಲಿಷ್ ಕಾಗದ ಬಂದರೂ, ದವಾಖಾನೆಯ ಚೀಟಿಯಿರಲಿ, ಕೋರ್ಟಿನ ನೋಟೀಸಿರಲಿ, ಮಾಸ್ತರರ ಕಟ್ಟೆಗೆ ಬರುತ್ತಿತ್ತು. ಅವರು ಓದಿ ಹೇಳಿದರೆ ಮುಗಿಯಿತು. ಇನ್ನೊಬ್ಬರನ್ನು ಕೇಳಿ ನೋಡುವ ಪದ್ಧತಿ ಆ ಓಣಿಯಲ್ಲಿ ಇರಲಿಲ್ಲ. ಮನುಷ್ಯ ಕೆಡುವುದಕ್ಕೆ ಇಷ್ಟು ನಂಬಿಕೆ ಸಾಕು.

ಅವರ ಪಾಠದಲ್ಲಿ ಎಲ್ಲರಿಗೂ ಇಷ್ಟವಾಗುತ್ತಿದ್ದದ್ದು ಒಂದಕ್ಕೊಂದು ಎದುರು ನಿಲ್ಲುವ ಮಾತುಗಳ ಪಾಠ. ಓಪನ್ ಸೀಕ್ರೆಟ್, ಒರಿಜಿನಲ್ ಕಾಪಿ, ಲಿವಿಂಗ್ ಡೆತ್ ಎಂದು ಬೋರ್ಡಿನ ತುಂಬ ಬರೆದು, ಹುಡುಗರು ತಲೆ ಕೆರೆದುಕೊಳ್ಳುವುದನ್ನು ಕಂಡು ಖುಷಿಪಡುತ್ತಿದ್ದರು.

"ಎತ್ತು ಏರಿಗಿ ಎಳಿತೈತಿ, ಕೋಣ ನೀರಿಗಿ ಎಳಿತೈತಿ. ಹೆದರಬ್ಯಾಡ್ರಿ. ಎರಡನೇ ಶಬ್ದ ಗಟ್ಟಿ ಹಿಡೀರಿ, ಖರೆ ಅಲ್ಲಿರ್ತೈತಿ. ಮೊದಲನೇದು ಬರೇ ಪೌಡರು."

ಈ ಪೌಡರಿನ ಮಾತಿಗೆ ಪ್ರತಿ ವರ್ಷ ನಗು ಬರುತ್ತಿತ್ತು. ಮಗಳು ಚೇತನಾ ಕೂಡ ಅದೇ ಬೆಂಚಿನ ಮೇಲೆ ಕೂತು ನಕ್ಕವಳು. ಈಗ ಹುನಗುಂದದ ಒಂದು ಶಾಲೆಯಲ್ಲಿ ಅವಳೇ ಇಂಗ್ಲಿಷ್ ಕಲಿಸುತ್ತಾಳೆ.

ನಿಶ್ಚಯಕ್ಕೆ ಆರು ತಿಂಗಳ ಮುಂಚೆ ಅವರ ಹಳೆಯ ಶಿಷ್ಯ ಶ್ರೀಧರ ಬಂದಿದ್ದ. ಊರ ಹೊರಗೆ ಅವನ ಪವರ್‌ಲೂಮ್ ಶೆಡ್ಡು, ಬಾದಾಮಿಯಲ್ಲಿ ಗುಹೆ ನೋಡಲು ಬರುವ ಮಂದಿಗೆಂದು ಸೀರೆಯ ಅಂಗಡಿ. ಬಂದವನು ಮೊದಲು ಕಾಲಿಗೆ ಬಿದ್ದ. ಕಾಲಿಗೆ ಬೀಳುವ ಶಿಷ್ಯರ ಬಗ್ಗೆ ಎಚ್ಚರ ಇರಬೇಕು ಎಂದು ಯಾರೂ ಮಾಸ್ತರರಿಗೆ ಕಲಿಸಿರಲಿಲ್ಲ.

"ಸರ್, ಸೀರಿಗೆ ಒಂದು ಚೀಟಿ ಹಚ್ಚಬೇಕು. ಹ್ಯಾಂಡ್ಲೂಮ್ ಅಂತ ಬರದ್ರ ಕೇಸ್ ಬೀಳ್ತೈತಿ. ಪವರ್‌ಲೂಮ್ ಅಂತ ಬರದ್ರ ಗಿರಾಕಿ ಬೀಳಂಗಿಲ್ಲ. ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು. ಅಂಥಾ ಇಂಗ್ಲೀಷು ನಿಮ್ಮ ಹಂತ್ಯಾಕ ಅಷ್ಟ ಐತಿ."

ಇಷ್ಟು ಹೊಗಳಿದರೆ ಸಾಕಾಗಿತ್ತು. ಮಾಸ್ತರರು ಒಂದು ಕಾಗದದ ಮೇಲೆ ಬರೆದುಕೊಟ್ಟರು: ಜೆನ್ಯುಯಿನ್ ಇಮಿಟೇಶನ್ ಹ್ಯಾಂಡ್ಲೂಮ್. ಮೊದಲ ಶಬ್ದ ದಪ್ಪಗೆ ಬಂಗಾರದ ಬಣ್ಣದಲ್ಲಿರಲಿ, ನಡುವಿನದು ಸಣ್ಣಗೆ ಇರಲಿ ಎಂದೂ ತಾವೇ ಹೇಳಿದರು. ದುಡ್ಡು ಮುಟ್ಟಲಿಲ್ಲ. ಒಂದು ಪ್ಲೇಟು ಗಿರಮಿಟ್ಟು, ಎರಡು ಕಪ್ಪು ಚಹಾ, "ಏನ್ ತಲಿರೀ ನಿಮ್ದು" ಎಂಬ ಒಂದು ಮಾತು. ಲಂಚ ತಿಂದವನಿಗೆ ಹೊಟ್ಟೆಪಾಡಿನ ನೆಪವಾದರೂ ಇರುತ್ತದೆ. ಇವರಿಗೆ ಅದೂ ಇರಲಿಲ್ಲ.

ಹಿಂದಿನ ಕೋಣೆಯಲ್ಲಿ ಆ ಹೊತ್ತಿಗೆ ಕಾಳವ್ವ ಕೊಂಡಿ ಹಾಕುತ್ತಿದ್ದಳು. ಇಳಕಲ್ ಸೀರೆಯ ಒಡಲಿನ ಹತ್ತಿ ಎಳೆಯನ್ನೂ ಸೆರಗಿನ ರೇಷ್ಮೆ ಎಳೆಯನ್ನೂ ಒಂದರೊಳಗೊಂದು ಸಿಕ್ಕಿಸಿ, ಅಂಥ ಸಾವಿರಾರು ಎಳೆ ಕೂಡಿಸುವುದೇ ಕೊಂಡಿ. ಸೆರಗಿನ ಹಿಂಬದಿಗೆ ಬೆರಳಾಡಿಸಿದರೆ ಆ ಕೂಡಿಕೆ ಸಣ್ಣ ಬದುವಿನಂತೆ ತಗಲುತ್ತದೆ. ಯಂತ್ರ ಕೊಂಡಿ ಹಾಕುವುದಿಲ್ಲ. ಒಂದೇ ಎಳೆಯನ್ನು ಉದ್ದಕ್ಕೆ ಓಡಿಸಿ ಸೆರಗಿಗೆ ಕೆಂಪು ಬಳಿದುಬಿಡುತ್ತದೆ. ಕಾಳವ್ವನಿಗೆ ಕಣ್ಣು ಮಂಜಾಗಿ ಐದಾರು ವರ್ಷವಾಗಿದೆ, ಬೆರಳು ಮಂಜಾಗಿಲ್ಲ.

ನಿಶ್ಚಯದ ದಿನ ಬಾದಾಮಿಯಿಂದ ಬೀಗರು ಬಂದರು. ವರ ಶಂಕರಲಿಂಗನಿಗೆ ವಿದ್ಯಾಗಿರಿಯ ಒಂದು ಕಾಲೇಜಿನಲ್ಲಿ ಕೆಲಸ. ಅವನ ತಾಯಿ ಇಂದ್ರಾಬಾಯಿ ಬಸ್‌ಸ್ಟ್ಯಾಂಡಿನ ಹತ್ತಿರ ಬಳೆ ಮಾರಿ ಮಗನನ್ನು ಓದಿಸಿದವಳು. ಮಾಸ್ತರರ ಮನೆತನ ಎಂದು ಇಂದ್ರಾಬಾಯಿ ಈ ಸಂಬಂಧಕ್ಕೆ ಹಂಬಲಿಸಿದ್ದಳು. ಚೇತನಾಗೂ ಹುಡುಗ ಮನಸ್ಸಿಗೆ ಬಂದಿದ್ದ. ಮಾಸ್ತರರಿಗಂತೂ ಎರಡು ವರ್ಷ ಊರೂರು ಅಲೆದು ಸೋತ ಮೇಲೆ ಕೂಡಿಬಂದ ಸಂಬಂಧ. ಅದನ್ನು ಅಂದು ಮುರಿಯಗೊಡುವಂತಿರಲಿಲ್ಲ.

ನೇಕಾರರ ಮನೆಯಲ್ಲಿ ಒಂದು ರೂಢಿ. ಉಡಿ ತುಂಬುವ ಮುಂಚೆ ಮನೆಯ ಹಿರಿ ಹೆಂಗಸು ಬೀಗರು ತಂದ ಸೀರೆಯ ಸೆರಗು ಮಗುಚಿ, ಕೊಂಡಿ ಮುಟ್ಟಿ, "ಕೂಡೇತಿ" ಎನ್ನಬೇಕು. ಎಳೆ ಕೂಡಿದಂತೆ ಮನೆ ಕೂಡಲಿ ಎಂದು. ಅದು ಪರೀಕ್ಷೆಯಲ್ಲ, ಶಾಸ್ತ್ರ. ಕಾಳವ್ವ ಬೆರಳಾಡಿಸಿದಳು. ಮತ್ತೊಮ್ಮೆ ಆಡಿಸಿದಳು. ಸೀರೆಯನ್ನು ಗಲ್ಲಕ್ಕೆ ಹತ್ತಿಸಿ ನೋಡಿದಳು.

"ಇದರಾಗ ಕೊಂಡಿ ಇಲ್ಲ," ಅಂದಳು. ಸುಳ್ಳು ಹೇಳಲು ಮುದುಕಿಗೆ ಬಾರದು.

ಇಂದ್ರಾಬಾಯಿಯ ಮುಖ ಬಾಡಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಬೀಗರ ಕಡೆಯ ಯಾರೋ "ನೇಕಾರ ಮಂದೀಗೆ ನಕಲಿ ತಂದ್ವೇನಾ?" ಎಂದು ಗೊಣಗಿದರು. ಆಗ ಇಂದ್ರಾಬಾಯಿಗೆ ಏನೋ ನೆನಪಾಗಿ ಸೀರೆಯ ಮಡಿಕೆಯಿಂದ ಬಂಗಾರದ ಅಕ್ಷರದ ಚೀಟಿ ಹೊರಗೆಳೆದಳು.

"ಇಲ್ರಿ ಅತ್ತಿ, ಇದರಾಗ ಬರದೈತಿ. ಮಾಸ್ತರ್ರ ಓದಿ ಹೇಳ್ಲಿ."

ಚೀಟಿ ಮಾಸ್ತರರ ಕೈಗೆ ಬಂತು. ಆ ದಪ್ಪ ಅಕ್ಷರ ಅವರದೇ ಉಗುಳಿಗೆ ಯಾರೋ ಬಂಗಾರ ಬಳಿದು ತಿರುಗಿ ಅವರ ಅಂಗೈಗೆ ಹಾಕಿದಂತಿತ್ತು. ಎಲ್ಲರೂ ಅವರ ಬಾಯಿ ನೋಡುತ್ತಿದ್ದರು.

"ಜೆನ್ಯುಯಿನ್," ಎಂದು ಓದಿದರು. "ಅಂದ್ರ ಅಸಲು."

ಅಷ್ಟಕ್ಕೇ ನಿಲ್ಲಿಸಿದರು. ಅದನ್ನು ಹೇಳಲು ಕತೆ ಹೇಳುವ ನನಗೂ ಹೇಸಿಗೆ ಬರುತ್ತದೆ, ಆದರೆ ನಡೆದದ್ದು ಹಾಗೆ. ಇಂದ್ರಾಬಾಯಿಯ ಮುಖ ಅರಳಿತು. ಕಾಳವ್ವ ಮಾತ್ರ ಮಗನತ್ತ ಮಂಜುಗಣ್ಣು ಹೊರಳಿಸಿ, "ಹಂಗಾದ್ರ ನನ್ನ ಬೆರಳು ಸತ್ತಾವ ಬಿಡಪಾ," ಅಂದು ಸೀರೆಯನ್ನು ತೊಡೆಯ ಮೇಲಿಂದ ಕೆಳಗಿಟ್ಟಳು. ಐವತ್ತು ವರ್ಷ ಕೊಂಡಿ ಹಾಕಿದ ಬೆರಳುಗಳನ್ನು ತನ್ನ ಸೆರಗಿನೊಳಗೆ ಮುಚ್ಚಿಕೊಂಡಳು.

ಮಣೆಯ ಮೇಲೆ ಕೂತಿದ್ದ ಚೇತನಾ ತಲೆ ಎತ್ತಿದಳು. ಅಪ್ಪನ ಕೈಯಲ್ಲಿದ್ದ ಚೀಟಿ ಅವಳಿಗೂ ಕಾಣುತ್ತಿತ್ತು.

"ಎರಡನೇ ಶಬ್ದ ಐತಲ್ಲಪ್ಪಾ," ಎಂದಳು ಮೆಲ್ಲಗೆ. "ಅದನ್ನ ಗಟ್ಟಿ ಹಿಡೀಬೇಕಂತ ನೀನ ಕಲಿಸೀದಿ."

ಮಾಸ್ತರರು ಚೀಟಿಯನ್ನು ಮತ್ತೆ ಕಣ್ಣಿನ ಹತ್ತಿರ ಹಿಡಿದರು. "ಇಮಿಟೇಶನ್," ಎಂದರು. "ನಕಲು."

"ಅಸಲು ನಕಲು?" ಇಂದ್ರಾಬಾಯಿಗೆ ನಿಜಕ್ಕೂ ತಿಳಿಯಲಿಲ್ಲ. "ಎರಡೂ ಕೂಡಿ ಏನಾತ್ರಿ?"

"ನಕಲು ಆತ್ರಿ. ಬರೇ ನಕಲು."

"ಮತ್ತ ಅಸಲು ಅಂತ ಯಾಕ ಬರೀಬೇಕ್ರಿ?"

ಬೋರ್ಡಿನ ಮುಂದೆ ಇಪ್ಪತ್ತೈದು ವರ್ಷ ನಿಂತರೂ ಇಂಥ ನೇರ ಪ್ರಶ್ನೆ ಯಾರೂ ಕೇಳಿರಲಿಲ್ಲ. ಪೌಡರು ಎಂದರೆ ನಗುವವರಿರಲಿಲ್ಲ ಇಲ್ಲಿ. ಎದುರಿಗೆ ಇದ್ದವಳು ಬಳೆ ಮಾರುವ ಹೆಂಗಸು, ತನ್ನ ಸೊಸೆಯಾಗುವವಳಿಗೆ ಒಳ್ಳೆಯದನ್ನೇ ತರಬೇಕೆಂದು ಅಂಗಡಿ ಹತ್ತಿದವಳು.

"ನಿಮ್ಮಂಥಾವ್ರು ಅಷ್ಟ ಓದಿ ನಂಬಲಿ ಅಂತ," ಎಂದರು. "ಬರದಾಂವ ನಾನ ಇದ್ದೇನ್ರಿ, ಬೀಗ್ತಿ. ಶ್ರೀಧರ ಕೇಳಿದ, ಶ್ಯಾಣ್ಯಾತನ ತೋರಸ್ಲಾಕ ಬರದು ಕೊಟ್ನಿ."

ಇಂದ್ರಾಬಾಯಿ ಬೈದಿದ್ದರೆ, ಎದ್ದು ಬಾದಾಮಿಯ ಬಸ್ಸು ಹತ್ತಿದ್ದರೆ, ಮಾಸ್ತರರಿಗೆ ಹಗುರವಾಗುತ್ತಿತ್ತು. ಆಕೆ ಚೀಟಿಯನ್ನು ಅವರ ಕೈಯಿಂದ ತೆಗೆದುಕೊಂಡು ಮಡಿಕೆಗೆ ತುರುಕಿದಳು. ಚೇತನಾ ಮಣೆಯಿಂದ ಎದ್ದು ಕೆಳಗಿದ್ದ ಸೀರೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

"ಅತ್ತಿ ತಂದದ್ದು, ಇದನ್ನ ಉಡ್ತೇನಿ. ಯವ್ವಾ, ಮದುವಿ ಸೀರಿಗೆ ಕೊಂಡಿ ನೀ ಹಾಕು," ಎಂದು ಅಜ್ಜಿಗೆ ಹೇಳಿ ಒಳಗೆ ಹೋದಳು. ಅಪ್ಪನ ಕಡೆ ನೋಡಲಿಲ್ಲ.

ಸಂಬಂಧ ಉಳಿಯಿತು. ಉಡಿ ತುಂಬಿದರು. ಚೇತನಾ ಉಟ್ಟ ಸೀರೆಯ ಸೆರಗನ್ನು ಕಾಳವ್ವ ಮತ್ತೆ ಮುಟ್ಟಲಿಲ್ಲ, "ಕೂಡೇತಿ" ಎನ್ನಲೂ ಇಲ್ಲ. ಊಟದ ಪಂಕ್ತಿಯಲ್ಲಿ ಮಾಸ್ತರರು ತುಪ್ಪದ ಗಿಂಡಿ ಹಿಡಿದು ಇಂದ್ರಾಬಾಯಿಯ ಎಲೆಯ ಮುಂದೆ ಬಂದು ನಿಂತರು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದರು.

"ಅಂಗಡ್ಯಾಗ ಕೊಂಡಿ ಇದ್ದ ಸೀರೀನೂ ತೋರಿಸಿದ್ರು," ಎಂದಳು ಇಂದ್ರಾಬಾಯಿ, ತಲೆ ಎತ್ತದೆ, ಹೋಳಿಗೆ ಮುರಿಯುತ್ತ. "ಅದನ್ನ ಕೈಯಾಗ ಹಿಡದಿದ್ನಿ. ಇದರ ಮ್ಯಾಲಿನ ಇಂಗ್ಲೀಷು ಇಳಕಲ್ಲ ಶಿವಪುತ್ರ ಮಾಸ್ತರ್ರು ಬರದದ್ದು ಅಂತ ಅಂಗಡಿಯಾಂವ ಹೇಳಿದ. ನಮ್ಮ ಬೀಗರು ಬರದದ್ದು, ಸುಳ್ಳ ಇರಂಗಿಲ್ಲ ಅಂತ ಅದನ್ನ ಬಿಟ್ಟು ಇದನ್ನ ತಂದ್ನಿ."